ನೀರಿನಡಿಯ ಫೋಟೋಗಳಿಂದ ಕಡಲಹುಲ್ಲಿನ ನಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಡಲಹುಲ್ಲಿನ ಬಯಲಿನ ಮೇಲೆ ಕ್ಯಾಮೆರಾ ಹಿಡಿದು ಈಜುತ್ತಾ ಹೋಗಿ, ಆ ಫೋಟೋಗಳಿಂದ ಅಳತೆ ತಪ್ಪದ ನಕ್ಷೆ ಮಾಡುವ ಕೆಲಸ ಇದು. ಇದರ ಹೆಸರು ಫೋಟೋಗ್ರಾಮೆಟ್ರಿ. ವಿದ್ಯಾರ್ಥಿಗಳು, ಡೈವರ್‌ಗಳು, ಕರಾವಳಿ ಉಳಿಸುವ ಗುಂಪಿನವರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೆಲವಕ್ಕೆ ಉತ್ತರ ಒಂದೆರಡು ಸಾಲು. ಕೆಲವಕ್ಕೆ ಕೂತು ಮಾತಾಡಲೇಬೇಕು.

ಕಡಲಹುಲ್ಲು ಅಂದರೆ ಪಾಚಿಯೇ ಅಲ್ವಾ?

ಅಲ್ಲ. ಇದು ಹೂ ಬಿಡುವ ಗಿಡ. ಇದಕ್ಕೆ ಬೇರಿದೆ, ಎಲೆಯಿದೆ, ಮರಳಿನಡಿ ಗರಿಕೆಯ ಹಾಗೆ ಅಡ್ಡಡ್ಡ ಹಬ್ಬುವ ಕಾಂಡವಿದೆ. ಬಹುತೇಕ ಜಾತಿಗಳಲ್ಲಿ ಹೂ ಅರಳುವುದು, ಪರಾಗ ಹರಡುವುದು, ಬೀಜ ಕಟ್ಟುವುದು ಎಲ್ಲವೂ ನೀರಿನೊಳಗೇ ನಡೆಯುತ್ತದೆ. ಪಾಚಿಗೆ ಇದ್ಯಾವುದೂ ಇಲ್ಲ.

ಜಗತ್ತಿನಲ್ಲಿ ಸುಮಾರು 60ರಿಂದ 70 ಜಾತಿಯ ಕಡಲಹುಲ್ಲುಗಳಿವೆ. ಮೆಡಿಟರೇನಿಯನ್ ಕಡಲಿನ ಪೊಸಿಡೋನಿಯಾ ಓಷಿಯಾನಿಕಾ, ಉತ್ತರದ ತಂಪು ಕಡಲುಗಳ ಜೋಸ್ಟೆರಾ ಮರೀನಾ, ಬೆಚ್ಚಗಿನ ಕಡಲುಗಳ ಪುಟ್ಟ ಎಲೆಯ ಹ್ಯಾಲೊಫಿಲಾ ಓವಾಲಿಸ್. ಮುಂದೆ ಈ ಮೂರೂ ಬರುತ್ತವೆ. ಒಂದೊಂದರ ಫೋಟೋ ತೆಗೆಯುವ ಪಾಡೂ ಒಂದೊಂದು ಥರ.

ಹುಲ್ಲಿಗೆ ಇಷ್ಟೆಲ್ಲ ಕಷ್ಟಪಡಬೇಕಾ?

ಪಡಬೇಕು. ಕಡಲತಳದ ಶೇ 0.2ರಷ್ಟು ಜಾಗದಲ್ಲೂ ಈ ಹುಲ್ಲಿಲ್ಲ. ಆದರೂ ಮೀನು, ಸಿಗಡಿ, ಏಡಿಗಳ ಮರಿಗಳು ಅಡಗಿ ಬೆಳೆಯುವುದು ಇದರ ಎಲೆಗಳ ನಡುವೆ. ಡುಗಾಂಗ್ (ಕಡಲಹಸು) ಮತ್ತು ಹಸಿರು ಆಮೆ ತಿನ್ನುವುದು ಇದನ್ನೇ. ಇದರ ಬೇರು ಮರಳನ್ನು ಹಿಡಿದಿಡುತ್ತದೆ. ಎಲೆ ಮತ್ತು ಬೇರುಗಳ ಇಂಗಾಲ ಮಣ್ಣಿನಡಿ ಹೂತು ನೂರಾರು ವರ್ಷ ಅಲ್ಲೇ ಉಳಿಯುತ್ತದೆ.

ಇದು ಹೋಗುತ್ತಿರುವುದೂ ಅಷ್ಟೇ ನಿಜ. 1930ರ ದಶಕದಲ್ಲಿ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಜೋಸ್ಟೆರಾ ರೋಗ ಬಂದು ಬಹುಪಾಲು ನಾಶವಾಯಿತು. 2009ರಲ್ಲಿ ಜಗತ್ತಿನ ಲೆಕ್ಕಗಳನ್ನೆಲ್ಲ ಸೇರಿಸಿ ನೋಡಿದಾಗ, 1879ರಿಂದ ದಾಖಲೆಯಲ್ಲಿದ್ದ ಜಾಗದಲ್ಲಿ ಶೇ 29 ಮಾಯವಾಗಿತ್ತು. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ 2011ರ ಕಡಲ ಬಿಸಿಯಲೆಗೆ ದೊಡ್ಡ ದೊಡ್ಡ ಬಯಲುಗಳೇ ಬೋಳಾದವು.

ಕಾಡು ಕಡಿದರೆ ದಾರಿಹೋಕರಿಗೂ ಕಾಣುತ್ತದೆ. ನೀರಿನಡಿಯ ಬಯಲು ಹೋದರೆ ಮೇಲೆ ನೀರು ಮೊದಲಿನಂತೆಯೇ ನೀಲಿಯಾಗಿರುತ್ತದೆ. ಎಲ್ಲಿ ಎಷ್ಟಿತ್ತು ಅನ್ನುವ ದಾಖಲೆ ಇಲ್ಲದಿದ್ದರೆ ಎಷ್ಟು ಹೋಯಿತು ಅಂತ ಹೇಳುವುದು ಹೇಗೆ? ವಿಶ್ವಸಂಸ್ಥೆ 2022ರಲ್ಲಿ ಮಾರ್ಚ್ 1ನ್ನು ವಿಶ್ವ ಕಡಲಹುಲ್ಲು ದಿನ ಅಂತ ಘೋಷಿಸಿತು. ಒಳ್ಳೆಯದೇ. ಆದರೆ ದಿನಾಚರಣೆಗಿಂತ ನಕ್ಷೆ ಮೊದಲು ಬೇಕು.

ಫೋಟೋಗ್ರಾಮೆಟ್ರಿ ಅಂದರೆ ಏನು? ಬರೀ ಫೋಟೋ ಜೋಡಿಸುವುದಾ?

ಜೋಡಿಸುವುದಕ್ಕಿಂತ ಜಾಸ್ತಿ. ನಿಮ್ಮ ಬೆರಳನ್ನು ಮುಖದ ಮುಂದೆ ಹಿಡಿಯಿರಿ. ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿ. ಹಿಂದಿನ ಗೋಡೆಯ ಮೇಲೆ ಬೆರಳು ಆಚೀಚೆ ಜಿಗಿದಂತೆ ಕಾಣುತ್ತದೆ. ಬೆರಳು ಹತ್ತಿರ ಬಂದಷ್ಟೂ ಜಿಗಿತ ದೊಡ್ಡದು. ಆ ಜಿಗಿತದಿಂದಲೇ ದೂರ ಲೆಕ್ಕ ಹಾಕಬಹುದು.

ಸಾಫ್ಟ್‌ವೇರ್ ಮಾಡುವುದೂ ಇದನ್ನೇ. ಒಂದು ಚಿಪ್ಪಿನ ತುದಿ, ಒಂದು ಕಲ್ಲಿನ ಮಚ್ಚೆ, ಹೀಗೆ ಗುರುತಿಗೆ ಸಿಗುವ ಚುಕ್ಕಿಗಳನ್ನು ನೂರಾರು ಫೋಟೋಗಳಲ್ಲಿ ಹುಡುಕುತ್ತದೆ. ಯಾವ ಫೋಟೋದಲ್ಲಿ ಅದು ಎಲ್ಲಿದೆ ಅನ್ನುವುದರಿಂದ, ಪ್ರತಿ ಫೋಟೋ ತೆಗೆದಾಗ ಕ್ಯಾಮೆರಾ ಎಲ್ಲಿತ್ತು, ಯಾವ ಕಡೆ ತಿರುಗಿತ್ತು, ಆ ಚುಕ್ಕಿ ಎಷ್ಟು ದೂರದಲ್ಲಿತ್ತು ಅಂತ ಒಟ್ಟಿಗೇ ಬಿಡಿಸುತ್ತದೆ. ಇದಕ್ಕೆ ಸ್ಟ್ರಕ್ಚರ್ ಫ್ರಮ್ ಮೋಷನ್ ಅನ್ನುತ್ತಾರೆ. ಕೊನೆಗೆ ಕೈಗೆ ಬರುವುದು ಮೂರು: ಲಕ್ಷಗಟ್ಟಲೆ ಚುಕ್ಕಿಗಳ ಪಾಯಿಂಟ್ ಕ್ಲೌಡ್, ತಳದ ಏರುತಗ್ಗು ತೋರಿಸುವ ಎತ್ತರದ ನಕ್ಷೆ, ಮತ್ತು ನೇರ ಮೇಲಿನಿಂದ ನೋಡಿದಂತೆ ಸರಿಪಡಿಸಿದ ಒಂದೇ ದೊಡ್ಡ ಚಿತ್ರ. ಈ ಕೊನೆಯದೇ ಆರ್ಥೋಮೊಸಾಯಿಕ್. ಇದರಲ್ಲಿ ಎಲ್ಲಿ ಸ್ಕೇಲ್ ಇಟ್ಟು ಅಳೆದರೂ ಅಳತೆ ಒಂದೇ ಬರಬೇಕು. ಸುಮ್ನೆ ಅಂಟಿಸಿದ ಪನೋರಮಾಗೆ ಆ ಗುಣ ಇರುವುದಿಲ್ಲ.

ಉಪಗ್ರಹ ಇದೆ, ಡ್ರೋನ್ ಇದೆ. ಇದು ಯಾಕೆ?

ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನಾವು ನೀರಿನಡಿ ಒಂದು ಸಲಕ್ಕೆ ಸಾಮಾನ್ಯವಾಗಿ ಚಿತ್ರ ತೆಗೆಯುವ ತುಂಡು ಹೆಚ್ಚುಕಮ್ಮಿ ಅಷ್ಟೇ. ಉಪಗ್ರಹಕ್ಕೆ ಅದು ಒಂದು ಪಿಕ್ಸೆಲ್. ಅರ್ಧ ಮಿಲಿಮೀಟರ್‌ಗೆ ಒಂದು ಪಿಕ್ಸೆಲ್ ಇರುವ ನಮ್ಮ ಚಿತ್ರದಲ್ಲಿ ಅದೇ ಜಾಗಕ್ಕೆ 40 ಕೋಟಿ ಪಿಕ್ಸೆಲ್.

ಹಾಗಂತ ಉಪಗ್ರಹವನ್ನು ಬಿಡುವ ಹಾಗಿಲ್ಲ. ಇಡೀ ಕೊಲ್ಲಿಯಲ್ಲಿ ಹುಲ್ಲು ಎಲ್ಲೆಲ್ಲಿದೆ ಅನ್ನುವುದಕ್ಕೆ ಉಪಗ್ರಹ ಬೇಕು. ತಿಳಿನೀರಿನ ತೀರಕ್ಕೆ ಡ್ರೋನ್ ಸಾಕು. ಮೇಲಿನಿಂದ ತಳ ಕಾಣದಷ್ಟು ಆಳ ಅಥವಾ ಕಲಕು ನೀರು ಇದ್ದರೆ, ಶಬ್ದದ ಅಲೆಗಳಿಂದ ತಳ ಅಳೆಯುವ ಸೋನಾರ್ ಬೇಕು. ಅಂಚು ಎಷ್ಟು ಸೆಂಟಿಮೀಟರ್ ಸರಿಯಿತು, ಹೊಸ ಚಿಗುರು ಬಂತಾ, ಲಂಗರಿನ ಗಾಯ ಮಾಯುತ್ತಿದೆಯಾ ಅಂತ ಕೇಳಿದಾಗ ಮಾತ್ರ ನಮ್ಮ ಕೆಲಸ. ನಾವು ಮಾಡಿದ ತುಂಡುಗಳಿಂದ ಉಪಗ್ರಹದ ನಕ್ಷೆ ಸರಿಯಿದೆಯಾ ಅಂತ ಪರೀಕ್ಷಿಸುವುದೂ ಉಂಟು.

ಯಾವ ಕ್ಯಾಮೆರಾ ಬೇಕು?

ಗೋಪ್ರೋದಂಥ ಆ್ಯಕ್ಷನ್ ಕ್ಯಾಮೆರಾದಲ್ಲೂ ಕೆಲಸ ಆಗುತ್ತದೆ. ಮಿರರ್‌ಲೆಸ್ ಕ್ಯಾಮೆರಾ ಮತ್ತು ಒಳ್ಳೆಯ ವೈಡ್ ಲೆನ್ಸ್ ಇದ್ದರೆ ಕಡಿಮೆ ಬೆಳಕಿನಲ್ಲೂ ಚಿತ್ರ ಚೊಕ್ಕಟವಾಗಿ ಬರುತ್ತದೆ. ನನ್ನ ಮಾತು ಕೇಳುವುದಾದರೆ, ಮೊದಲ ಆರು ತಿಂಗಳು ಇರುವ ಕ್ಯಾಮೆರಾದಲ್ಲೇ ಕಲಿಯಿರಿ.

ಕ್ಯಾಮೆರಾಗಿಂತ ಅದರ ಮುಂದಿನ ಗಾಜಿನ ಕಡೆ ಗಮನ ಕೊಡಿ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ. ಕೇಸಿನ ಮುಂದೆ ಚಪ್ಪಟೆ ಗಾಜಿದ್ದರೆ ನೋಟ ಕಿರಿದಾಗುತ್ತದೆ, ಅಂಚುಗಳು ಎಳೆದಂತಾಗುತ್ತವೆ. ಗುಮ್ಮಟದ ಆಕಾರದ ಗಾಜಿದ್ದರೆ, ಲೆನ್ಸನ್ನು ಅದರ ಸರಿಯಾದ ನಡುವಿಗೆ ಕೂರಿಸಿದರೆ, ಈ ತೊಂದರೆ ಬಹಳ ಕಡಿಮೆ. ಯಾವುದಿದ್ದರೂ ಕ್ಯಾಲಿಬ್ರೇಷನ್, ಅಂದರೆ ಲೆನ್ಸ್ ಚಿತ್ರವನ್ನು ಎಷ್ಟು ಬಾಗಿಸುತ್ತದೆ ಅಂತ ಅಳೆಯುವುದು, ನೀರಿನೊಳಗೇ ಮಾಡಬೇಕು. ಮೇಜಿನ ಮೇಲೆ ಮಾಡಿದ ಕ್ಯಾಲಿಬ್ರೇಷನ್ ನೀರಿಗಿಳಿದ ಕೂಡಲೇ ಸುಳ್ಳಾಗುತ್ತದೆ.

ಸೆಟ್ಟಿಂಗ್ ಹೇಗಿರಬೇಕು?

ಒಂದೇ ನಿಯಮ: ಮೊದಲ ಫೋಟೋದಿಂದ ಕೊನೆಯ ಫೋಟೋವರೆಗೆ ಏನೂ ತಾನಾಗಿ ಬದಲಾಗಬಾರದು. ಜೂಮ್ ಮುಟ್ಟಬೇಡಿ. ಫೋಕಸ್ ಒಮ್ಮೆ ಸರಿ ಮಾಡಿ ಲಾಕ್ ಮಾಡಿ. ಬಣ್ಣದ ಸಮತೋಲ ಲಾಕ್ ಮಾಡಿ. ಆಗುವುದಾದರೆ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ತೆಗೆಯಿರಿ.

ಶಟರ್ ವೇಗಕ್ಕೆ ಒಂದು ಸಣ್ಣ ಲೆಕ್ಕ. ನೀವು ಸೆಕೆಂಡಿಗೆ 30 ಸೆಂಟಿಮೀಟರ್ ಈಜುತ್ತೀರಿ ಅಂದುಕೊಳ್ಳಿ. 1/250 ಸೆಕೆಂಡಿನಲ್ಲಿ ಕ್ಯಾಮೆರಾ 1.2 ಮಿಲಿಮೀಟರ್ ಸರಿಯುತ್ತದೆ. ಪಿಕ್ಸೆಲ್ ಅರ್ಧ ಮಿಲಿಮೀಟರ್ ಆದರೆ ಎರಡು ಪಿಕ್ಸೆಲ್‌ಗಿಂತ ಜಾಸ್ತಿ ಮಸುಕು. 1/500ರಲ್ಲಿ ಸುಮಾರು ಒಂದೇ ಪಿಕ್ಸೆಲ್. ಬೆಳಕು ಬಿಟ್ಟುಕೊಟ್ಟರೆ 1/500 ಇಡಿ, ಇಲ್ಲದಿದ್ದರೆ ನಿಧಾನ ಈಜಿ.

ಆ್ಯಕ್ಷನ್ ಕ್ಯಾಮೆರಾದಲ್ಲಿ ಸ್ಟೆಬಿಲೈಸೇಷನ್ (ಚಿತ್ರದ ಅಲುಗಾಟ ತಗ್ಗಿಸುವ ಸೌಲಭ್ಯ) ಆಫ್ ಮಾಡಲೇಬೇಕು. ಅದು ಪ್ರತಿ ಫ್ರೇಮನ್ನೂ ಬೇರೆ ಬೇರೆ ಥರ ಕತ್ತರಿಸಿ ಎಳೆಯುತ್ತದೆ. ನಮ್ಮ ತಂಡ ಒಮ್ಮೆ ಇದನ್ನು ಆಫ್ ಮಾಡದೆಯೇ ವಿಡಿಯೋ ತೆಗೆದು, ಒಂದಿಡೀ ದಿನದ ಡೈವ್ ವ್ಯರ್ಥ ಮಾಡಿಕೊಂಡಿತ್ತು. ಪರದೆಯ ಮೇಲೆ ವಿಡಿಯೋ ಎಷ್ಟು ನುಣುಪಾಗಿತ್ತೆಂದರೆ, ದೋಣಿಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಮಾಡೆಲ್ ಕಟ್ಟಿದಾಗ ಚಪ್ಪಟೆ ಮರಳು ಅಲೆಅಲೆಯಾಗಿ ಬಂತು. ಆವತ್ತಿನಿಂದ ಸೆಟ್ಟಿಂಗ್‌ಗಳನ್ನು ಒಂದು ಚೀಟಿಯಲ್ಲಿ ಬರೆದು, ನೀರಿಗಿಳಿಯುವ ಮೊದಲು ಒಬ್ಬರು ಓದುತ್ತಾರೆ, ಇನ್ನೊಬ್ಬರು ನೋಡಿ ಹೌದು ಅನ್ನುತ್ತಾರೆ.

ಎಷ್ಟು ಫೋಟೋ ತೆಗೆಯಬೇಕು?

10 ಮೀಟರ್ ಚೌಕದ ತುಂಡಿಗೆ ಲೆಕ್ಕ ಹಾಕೋಣ. ತಳದಿಂದ ಒಂದೂವರೆ ಎರಡು ಮೀಟರ್ ಮೇಲೆ ಈಜಿದಾಗ ಒಂದು ಫೋಟೋದಲ್ಲಿ 2 ಮೀಟರ್ ಅಗಲ, 1.5 ಮೀಟರ್ ಉದ್ದದ ಜಾಗ ಬರುತ್ತದೆ ಅನ್ನಿ. ಅಗಲಕ್ಕೆ 4,000 ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್ ಅರ್ಧ ಮಿಲಿಮೀಟರ್.

ಹಿಂದಿನ ಫೋಟೋ ಮತ್ತು ಮುಂದಿನ ಫೋಟೋ ಶೇ 80 ಒಂದರ ಮೇಲೊಂದು ಬರಬೇಕು. ಅಂದರೆ 30 ಸೆಂಟಿಮೀಟರಿಗೆ ಒಂದು. ಪಕ್ಕಪಕ್ಕದ ಸಾಲುಗಳ ಫೋಟೋಗಳು ಶೇ 70 ಒಂದರ ಮೇಲೊಂದು ಬರಬೇಕು. ಅಂದರೆ ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್. ಒಟ್ಟು 18 ಸಾಲು, ಸಾಲಿಗೆ 34 ಫೋಟೋ, ಸುಮಾರು 600. ಇದರ ಮೇಲೆ ಅಡ್ಡಲಾಗಿ ಇನ್ನೊಂದು ಸುತ್ತು ಈಜಿದರೆ 1,200. ಸೆಕೆಂಡಿಗೊಂದು ಫೋಟೋ ಹೊಡೆಯುವ ಟೈಮರ್ ಇಟ್ಟರೆ, ತಿರುಗುವ ಹೊತ್ತೂ ಸೇರಿ ಅರ್ಧ ಗಂಟೆಯ ಕೆಲಸ.

ಗಟ್ಟಿ ಬಂಡೆಗೆ ಇದಕ್ಕಿಂತ ಕಡಿಮೆ ಸಾಕಾಗುತ್ತದೆ. ಹುಲ್ಲಿಗೆ ಕಡಿಮೆ ಮಾಡಬೇಡಿ.

ಹುಲ್ಲು ಅಲ್ಲಾಡುತ್ತಲೇ ಇರುತ್ತದಲ್ಲ? ಮಾಡೆಲ್ ಹೇಗೆ ಕೂಡುತ್ತದೆ?

ಈ ಕೆಲಸದ ಕಗ್ಗಂಟೇ ಇದು.

ಕ್ಯಾಮೆರಾ ಚಲಿಸುತ್ತದೆ, ಲೋಕ ನಿಂತಿದೆ ಅಂತ ಸಾಫ್ಟ್‌ವೇರ್ ನಂಬಿಕೊಂಡಿದೆ. ಹವಳ, ಬಂಡೆ ನಿಲ್ಲುತ್ತವೆ. ಹುಲ್ಲು ನಿಲ್ಲುವುದಿಲ್ಲ. ಪೊಸಿಡೋನಿಯಾದ ಪಟ್ಟಿಯಂಥ ಎಲೆ ಒಂದು ಮೀಟರ್‌ವರೆಗೂ ಬೆಳೆಯುತ್ತದೆ. ಒಂದು ಅಲೆ ಹೋಗಿ ಇನ್ನೊಂದು ಬರುವಷ್ಟರಲ್ಲಿ ಎಲೆಯ ತುದಿ ಬಲದಿಂದ ಎಡಕ್ಕೆ ಬಾಗಿ, ತುಸು ನಿಂತು, ಮತ್ತೆ ಬಲಕ್ಕೆ ಬರುತ್ತದೆ. ಮೊದಲ ಫೋಟೋದಲ್ಲಿ ಕಂಡ ಎಲೆತುದಿ ಎರಡನೆಯದರಲ್ಲಿ ಒಂದು ಗೇಣು ಆಚೆಗಿರುತ್ತದೆ. ಅದರ ಕೆಳಗಿದ್ದ ಮರಳು ಮುಚ್ಚಿಹೋಗಿರುತ್ತದೆ. ಸಾಫ್ಟ್‌ವೇರಿಗೆ ಜೋಡಿ ಸಿಗುವುದಿಲ್ಲ. ಸಿಕ್ಕರೂ ತಪ್ಪು ಜೋಡಿ. ಕೊನೆಗೆ ಮಾಡೆಲ್‌ನಲ್ಲಿ ಆ ಜಾಗ ತೂತಾಗುತ್ತದೆ, ಇಲ್ಲವೇ ಹತ್ತಿಯ ಮುದ್ದೆಯಂತಾಗುತ್ತದೆ.

ಮೊದಲ ಮದ್ದು ಹೊತ್ತು ನೋಡಿ ಇಳಿಯುವುದು. ಉಬ್ಬರ ಇಳಿತಗಳ ನಡುವೆ ನೀರು ನಿಂತಂತಿರುವ ಸ್ವಲ್ಪ ಸಮಯ ಸಿಗುತ್ತದೆ. ಗಾಳಿ ಇಲ್ಲದ ದಿನ, ಆ ಹೊತ್ತಿಗೆ ಸರಿಯಾಗಿ ಇಳಿಯಿರಿ. ಅಲೆಯ ತೂಗಾಟ ಇರುವ ದಿನ ಸುಮ್ನೆ ಬೇರೆ ಕೆಲಸ ಮಾಡಿ. ಬಂದಿದ್ದೇವಲ್ಲ, ತೆಗೆದುಬಿಡೋಣ ಅಂತ ತೆಗೆದ ಸೆಟ್ಟುಗಳು ಹೆಚ್ಚಿನ ಸಲ ಉಪಯೋಗಕ್ಕೆ ಬರುವುದಿಲ್ಲ.

ಎರಡನೆಯದು, ಅಲ್ಲಾಡದ ವಸ್ತುಗಳನ್ನು ಜಾಸ್ತಿ ಮಾಡುವುದು. ಹುಲ್ಲಿನ ನಡುವಿನ ಮರಳಿನ ತೇಪೆ, ಕಲ್ಲು, ಸತ್ತ ಚಿಪ್ಪು ಇವೇ ಕ್ಯಾಮೆರಾದ ಜಾಗ ಹಿಡಿದುಕೊಡುವುದು. ಅವು ಸಾಲದಿದ್ದರೆ ಗುರುತಿನ ಫಲಕಗಳನ್ನು ಅಲ್ಲಲ್ಲಿ ಇಡಿ. ಪ್ರತಿ ಫೋಟೋದಲ್ಲೂ ನಿಂತಿರುವ ಏನಾದರೂ ಒಂದು ಇರುವ ಹಾಗೆ ಯೋಜನೆ ಮಾಡಿಕೊಳ್ಳಿ.

ಮೂರನೆಯದು, ಸ್ವಲ್ಪ ಮೇಲಿನಿಂದ ಈಜುವುದು. ಎಲೆ ಸರಿದದ್ದು ಆಗ ಕಡಿಮೆ ಪಿಕ್ಸೆಲ್‌ಗಳಲ್ಲಿ ಕಾಣುತ್ತದೆ. ನವಿರು ವಿವರ ಹೋಗುತ್ತದೆ, ಆದರೆ ಮಾಡೆಲ್ ಕೂಡುತ್ತದೆ. ಇನ್ನೂ ಒಳ್ಳೆಯ ದಾರಿ, ಒಂದೇ ಪಟ್ಟಿಗೆ ಎರಡು ಮೂರು ಕ್ಯಾಮೆರಾ ಕಟ್ಟಿ ಒಂದೇ ಕ್ಷಣಕ್ಕೆ ಕ್ಲಿಕ್ ಆಗುವಂತೆ ಮಾಡುವುದು. ಆ ಒಂದು ಕ್ಷಣದಲ್ಲಿ ಎಲೆ ಎಲ್ಲ ಕ್ಯಾಮೆರಾಗಳಿಗೂ ಒಂದೇ ಕಡೆ ನಿಂತಿರುತ್ತದೆ.

ಕೊನೆಯದು ಕಂಪ್ಯೂಟರಿನ ಮುಂದೆ ಮಾಡುವುದು. ಆರ್ಥೋಮೊಸಾಯಿಕ್ ಮಾಡುವಾಗ ಚಿತ್ರವನ್ನು ಮುಳ್ಳುಮುಳ್ಳಾದ ಮೆಶ್ (ಚುಕ್ಕಿಗಳನ್ನು ಸೇರಿಸಿ ಹೆಣೆದ ಬಲೆ) ಮೇಲೆ ಹಾಸಬೇಡಿ. ನಯಗೊಳಿಸಿದ, ಸಣ್ಣ ವಿವರಗಳಿಲ್ಲದ ಎತ್ತರದ ನಕ್ಷೆಯ ಮೇಲೆ ಹಾಸಿ. ಎಲೆಗಳು ತುಂಡುತುಂಡಾಗುವುದು ತಪ್ಪುತ್ತದೆ.

ಹ್ಯಾಲೊಫಿಲಾದಂಥ ಗಿಡ್ಡ ಹುಲ್ಲಿಗೆ ಈ ಗೋಳು ಕಡಿಮೆ. ಹೆಬ್ಬೆರಳ ಉಗುರಿನಂಥ ಅದರ ಎಲೆಗಳು ಮರಳಿಗೆ ಹತ್ತಿರವೇ ಇರುತ್ತವೆ. ಕಲಿಯುವವರು ಇಂಥದ್ದರ ಮೇಲೆ ಶುರುಮಾಡಿದರೆ ಬೇಗ ಕೈಹಿಡಿಯುತ್ತದೆ.

ನೀರಿನಡಿ ಜಿಪಿಎಸ್ ಕೆಲಸ ಮಾಡಲ್ಲ. ಅಳತೆ ಎಲ್ಲಿಂದ ಬರುತ್ತದೆ?

ಫೋಟೋಗಳಿಂದ ಆಕಾರ ಬರುತ್ತದೆ, ಅಳತೆ ಬರುವುದಿಲ್ಲ. ಬಯಲು ಹತ್ತು ಮೀಟರೋ, ಒಂದು ಮೀಟರೋ, ಮಾಡೆಲ್‌ಗೆ ಗೊತ್ತಿಲ್ಲ. ನಾವೇ ಹೇಳಬೇಕು.

ಅದಕ್ಕೆ ಸ್ಕೇಲ್ ಬಾರ್ ಇಡುತ್ತೇವೆ. ಬಾಗದ ಒಂದು ಪಟ್ಟಿ, ಎರಡೂ ತುದಿಯಲ್ಲಿ ಸಾಫ್ಟ್‌ವೇರ್ ತಾನೇ ಗುರುತಿಸುವ ಕೋಡ್ ಫಲಕ, ನಡುವಿನ ಅಂತರ ಮಿಲಿಮೀಟರ್ ಲೆಕ್ಕದಲ್ಲಿ ಗೊತ್ತಿರಬೇಕು. ಒಂದೇ ಸಾಲದು. ನಾಲ್ಕೈದು ಇಡಿ, ಬೇರೆ ಬೇರೆ ದಿಕ್ಕಿಗೆ, ಮೂಲೆಗಳಿಗೂ ನಡುವಿಗೂ. ಅವುಗಳಲ್ಲಿ ಒಂದೆರಡನ್ನು ಲೆಕ್ಕಕ್ಕೆ ಸೇರಿಸಬೇಡಿ. ಮಾಡೆಲ್ ಆದ ಮೇಲೆ ಅವನ್ನು ಅಳೆದು ನೋಡಿ. ಅರ್ಧ ಮೀಟರಿನ ಪಟ್ಟಿ 50.2 ಸೆಂಟಿಮೀಟರ್ ಬಂದರೆ ನಿಮ್ಮ ತಪ್ಪು ಎಷ್ಟು ಅಂತ ನಿಮಗೇ ಗೊತ್ತಾಯಿತು.

ಮೇಲು ಕೆಳಗು ಸರಿಮಾಡಲು ಮೂಲೆಮೂಲೆಯ ಆಳವನ್ನು ಡೈವ್ ಕಂಪ್ಯೂಟರಿನಿಂದ ಬರೆದುಕೊಳ್ಳಿ. ಜೊತೆಗೆ ಗಂಟೆಯನ್ನೂ ಬರೆಯಿರಿ, ಉಬ್ಬರವಿಳಿತ ಕಳೆಯಬೇಕಲ್ಲ.

ಭೂಮಿಯ ಮೇಲೆ ಎಲ್ಲಿ ಅನ್ನುವುದಕ್ಕೆ ತೇಲುವ ಬುರುಡೆಗೆ ಜಿಪಿಎಸ್ ಕಟ್ಟಿ, ಹಗ್ಗ ನೆಟ್ಟಗೆ ಬಿಗಿಮಾಡಿ ಮೂಲೆಯ ಮೇಲೆ ನಿಲ್ಲಿಸುತ್ತಾರೆ. ಸಾಮಾನ್ಯ ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುತ್ತದೆ. ಜಾಗ ಮತ್ತೆ ಹುಡುಕಲು ಅಷ್ಟು ಸಾಕು. ಎರಡು ವರ್ಷಗಳ ನಕ್ಷೆಯನ್ನು ಒಂದರ ಮೇಲೊಂದು ಕೂರಿಸಲು ಸಾಲದು. ಅದಕ್ಕೆ ನೆಲದಲ್ಲೇ ಗುರುತು ಬೇಕು, ಕೆಳಗೆ ಹೇಳಿದ್ದೇನೆ.

ಚಪ್ಪಟೆ ತಳ ನಡುವಿನಲ್ಲಿ ಉಬ್ಬಿ ಬರುತ್ತಿದೆ. ಏನು ತಪ್ಪಾಗಿದೆ?

ಉದ್ದನೆಯ ಕಿರಿದಾದ ಪಟ್ಟಿಯಲ್ಲಿ ಎಲ್ಲ ಫೋಟೋಗಳನ್ನೂ ನೇರ ಕೆಳಕ್ಕೆ ತೆಗೆದರೆ ಹೀಗಾಗುತ್ತದೆ. ಲೆನ್ಸಿನ ಸಣ್ಣ ತಪ್ಪು ಫೋಟೋದಿಂದ ಫೋಟೋಗೆ ಸೇರುತ್ತಾ ಹೋಗಿ ತಳ ಬಟ್ಟಲಿನಂತೆಯೋ ಗುಮ್ಮಟದಂತೆಯೋ ಬಾಗುತ್ತದೆ. ಅಡ್ಡ ಸಾಲುಗಳನ್ನು ಈಜಿ. ಒಂದಿಷ್ಟು ಫೋಟೋಗಳನ್ನು ಓರೆಯಾಗಿ ತೆಗೆಯಿರಿ. ಆಳದ ಅಳತೆಗಳನ್ನು ಸೇರಿಸಿ. ಮೂರೂ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಎಲ್ಲವೂ ನೀಲಿ ಹಸಿರಾಗಿ ಬರುತ್ತದೆ. ಬಣ್ಣ ಮುಖ್ಯವಾ?

ಆಕಾರಕ್ಕೆ ಅಷ್ಟು ಮುಖ್ಯವಲ್ಲ, ಗುರುತಿಸುವುದಕ್ಕೆ ಬಹಳ ಮುಖ್ಯ. ಕೆಂಪು ಬೆಳಕನ್ನು ನೀರು ಮೊದಲ ಕೆಲವು ಮೀಟರುಗಳಲ್ಲೇ ನುಂಗುತ್ತದೆ. ಆಮೇಲೆ ಹಸಿರು ಎಲೆ, ಕಂದು ಎಲೆ, ಪಾಚಿ ಹತ್ತಿದ ಎಲೆ ಎಲ್ಲವೂ ಒಂದೇ ಬಣ್ಣ. ಬೂದು ಬಣ್ಣದ ಕಾರ್ಡೊಂದನ್ನು ತಳದಲ್ಲಿಟ್ಟು ಶುರುವಿನಲ್ಲಿ ಒಂದು ಫೋಟೋ, ಕೊನೆಯಲ್ಲಿ ಒಂದು ಫೋಟೋ ತೆಗೆಯಿರಿ. ಆಮೇಲೆ ಇಡೀ ಸೆಟ್ಟನ್ನು ಅದಕ್ಕೆ ಸರಿಮಾಡಬಹುದು.

ಎರಡು ಮೂರು ಮೀಟರಿನ ನೀರಿನಲ್ಲಿ ಬಿಸಿಲು ಬೀಳುವಾಗ ತಳದ ಮೇಲೆ ಬೆಳಕಿನ ಬಲೆ ಕುಣಿಯುತ್ತದೆ ನೋಡಿ, ಕಣ್ಣಿಗೆ ಎಷ್ಟು ಚೆಂದವೋ ಮಾಡೆಲ್‌ಗೆ ಅಷ್ಟೇ ಕೆಟ್ಟದ್ದು. ಮೋಡ ಕವಿದ ದಿನ ಅಥವಾ ಬೆಳಗಿನ ಓರೆ ಬಿಸಿಲು ಆರಿಸಿಕೊಳ್ಳಿ.

ನೀರು ಕಲಕಿದ್ದರೆ?

ಇನ್ನೂ ಕೆಳಗಿಳಿದು ಹತ್ತಿರದಿಂದ ತೆಗೆಯಬೇಕು, ಹಾಗಾಗಿ ಫೋಟೋಗಳು ಜಾಸ್ತಿಯಾಗುತ್ತವೆ. ದೀಪ ಬಳಸುವುದಾದರೆ ಲೆನ್ಸಿನಿಂದ ದೂರ, ಎರಡೂ ಪಕ್ಕಕ್ಕೆ ಚಾಚಿ ಹಿಡಿಯಿರಿ. ಇಲ್ಲದಿದ್ದರೆ ತೇಲುವ ಕಣಗಳೇ ಹೊಳೆದು ಫೋಟೋ ತುಂಬುತ್ತವೆ. ಕೈ ಚಾಚಿದಾಗ ಬೆರಳು ಕಾಣದಿದ್ದರೆ ದೋಣಿಗೆ ವಾಪಸ್ ಬನ್ನಿ.

ಯಾವ ಸಾಫ್ಟ್‌ವೇರ್?

ದುಡ್ಡು ಕೊಟ್ಟು ಕೊಳ್ಳುವವರಲ್ಲಿ ಹೆಚ್ಚು ಜನ ಬಳಸುವುದು ಅಜಿಸಾಫ್ಟ್ ಮೆಟಾಶೇಪ್. ಉಚಿತವಾದವು ಕೋಲ್‌ಮ್ಯಾಪ್, ಮೆಶ್‌ರೂಮ್, ಓಪನ್‌ಡ್ರೋನ್‌ಮ್ಯಾಪ್. ಎರಡು ಮಾಡೆಲ್‌ಗಳನ್ನು ಹೋಲಿಸಲು ಕ್ಲೌಡ್‌ಕಂಪೇರ್, ನಕ್ಷೆ ಬಿಡಿಸಲು ಕ್ಯೂಜಿಐಎಸ್, ಇವೆರಡೂ ಉಚಿತ. ಇಟಲಿಯ ಪೀಸಾದ ಸಂಶೋಧಕರು ಹವಳಕ್ಕಾಗಿ ಮಾಡಿದ ಟ್ಯಾಗ್‌ಲ್ಯಾಬ್ ಅನ್ನುವುದೊಂದಿದೆ. ಆರ್ಥೋಮೊಸಾಯಿಕ್ ಮೇಲೆ ಗೆರೆ ಎಳೆದು ವರ್ಷದಿಂದ ವರ್ಷಕ್ಕೆ ಹೋಲಿಸಲು ಹುಲ್ಲಿಗೂ ಬಳಸಬಹುದು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಮತ್ತು ಧಾರಾಳ ರ‍್ಯಾಮ್ ಇರುವ ಕಂಪ್ಯೂಟರ್ ಬೇಕು.

ಹುಲ್ಲು ಯಾವುದು, ಮರಳು ಯಾವುದು ಅಂತ ಎಐ ತಾನೇ ಹೇಳುತ್ತದಾ?

ಹೇಳುತ್ತದೆ. ಆದರೆ ಮೊದಲು ನೀವು ಕಲಿಸಬೇಕು. ಒಂದಿಷ್ಟು ತುಂಡುಗಳ ಮೇಲೆ ಕೈಯಿಂದಲೇ ಗೆರೆ ಎಳೆದು ಇದು ಹುಲ್ಲು, ಇದು ಮರಳು, ಇದು ಕೊಚ್ಚಿಬಂದ ಪಾಚಿ ಅಂತ ತೋರಿಸಬೇಕು. ಕಲಿತ ಮೇಲೆ, ಅದು ನೋಡಿರದ ತುಂಡಿನ ಮೇಲೆ ಪರೀಕ್ಷಿಸಬೇಕು. ಒಂದು ಕೊಲ್ಲಿಯಲ್ಲಿ ಕಲಿತದ್ದು ನೀರಿನ ಬಣ್ಣ ಬೇರೆಯಿರುವ ಇನ್ನೊಂದು ಕೊಲ್ಲಿಯಲ್ಲಿ ಎಡವುತ್ತದೆ. ಎಲ್ಲಕ್ಕಿಂತ ಜಾಸ್ತಿ ಎಡವುವುದು ಹುಲ್ಲಿನ ಮೇಲೆ ಬಿದ್ದಿರುವ ಪಾಚಿ ಕಂಡಾಗ, ಮತ್ತು ಸತ್ತು ಕಪ್ಪಾದ ಎಲೆಗಳ ರಾಶಿ ಕಂಡಾಗ. ಅಲ್ಲಿ ಮನುಷ್ಯರ ಕಣ್ಣೇ ಬೇಕು.

ಇದರಿಂದ ಏನೇನು ಅಳೆಯಬಹುದು? ಏನು ಆಗಲ್ಲ?

ಎಷ್ಟು ಜಾಗದಲ್ಲಿ ಹುಲ್ಲಿದೆ, ಅಂಚು ಎಲ್ಲಿದೆ, ನಡುವಿನ ಬೋಳು ತೇಪೆಗಳು ಎಷ್ಟು, ಎಷ್ಟು ದೊಡ್ಡವು ಅನ್ನುವುದು ಚೆನ್ನಾಗಿ ಸಿಗುತ್ತದೆ. ಗಾಯಗಳಂತೂ ಎದ್ದು ಕಾಣುತ್ತವೆ. ದೋಣಿ ಕಟ್ಟುವ ತೂಕಕ್ಕೆ ಸಡಿಲ ಸರಪಳಿ ಹಾಕಿದ್ದರೆ, ಗಾಳಿ ತಿರುಗಿದಂತೆಲ್ಲ ಸರಪಳಿ ತಳವನ್ನು ಗುಡಿಸುತ್ತಾ ಸುತ್ತುತ್ತದೆ. ಈಜುವಾಗ ಅದು ಬರೀ ಒಂದು ಮರಳಿನ ತೇಪೆ. ಆರ್ಥೋಮೊಸಾಯಿಕ್ ತೆರೆದಾಗ ಕೈವಾರದಿಂದ ಎಳೆದಂಥ ದುಂಡು, ನಡುವೆ ತೂಕದ ಕಲ್ಲು, ಅಂಚಿನಲ್ಲಿ ಬುಡ ಸಡಿಲವಾಗಿ ಬೇರು ಹೊರಬಿದ್ದ ಹುಲ್ಲು. ಆ ಚಿತ್ರ ತೋರಿಸಿದಾಗ ದೋಣಿಯವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಡುಗಾಂಗ್ ಮೇಯುತ್ತಾ ಹೋದ ಜಾಡು, ಪ್ರೊಪೆಲ್ಲರ್ ಕೊರೆದ ಗೀರು ಇವೂ ಹೀಗೇ ಕಾಣುತ್ತವೆ.

ಮಣ್ಣಿನಡಿಯ ಬೇರು, ಕಾಂಡ, ಇಂಗಾಲ ಕಾಣುವುದಿಲ್ಲ. ದಟ್ಟ ಬಯಲಿನಲ್ಲಿ ಬುಡಗಳನ್ನು ಎಣಿಸಲು ಆಗುವುದಿಲ್ಲ, ಮೇಲಿನ ಎಲೆ ಎಲ್ಲವನ್ನೂ ಮುಚ್ಚಿರುತ್ತದೆ. ಎಲೆಯ ಎತ್ತರದ ವಿಷಯದಲ್ಲಿ ಹುಷಾರಾಗಿರಿ. ನೀರಿನ ಸೆಳೆತಕ್ಕೆ ಎಲೆ ಬಾಗಿದ್ದ ದಿನ ಬಯಲು ಗಿಡ್ಡವಾಗಿ ಕಾಣುತ್ತದೆ. ಅದನ್ನು ನೋಡಿ ಹುಲ್ಲು ಕುಗ್ಗಿದೆ ಅಂತಲೋ, ಮರಳು ಕೊಚ್ಚಿಹೋಗಿದೆ ಅಂತಲೋ ಬರೆದುಬಿಡಬೇಡಿ.

ಹಾಗಾದರೆ ಕ್ವಾಡ್ರಾಟ್ ಇಟ್ಟು ಎಣಿಸುವುದನ್ನು ಬಿಟ್ಟುಬಿಡಬಹುದಾ?

ದಯವಿಟ್ಟು ಬಿಡಬೇಡಿ. ಕ್ವಾಡ್ರಾಟ್ ಅಂದರೆ ತಳದ ಮೇಲಿಟ್ಟು ಅದರೊಳಗಿನ ಹುಲ್ಲನ್ನು ಎಣಿಸುವ ಚೌಕಟ್ಟು. ಆಸ್ಟ್ರೇಲಿಯಾದಲ್ಲಿ 1998ರಲ್ಲಿ ಶುರುವಾದ, ಕಡಲಹುಲ್ಲನ್ನು ಗಮನಿಸುವ ಸೀಗ್ರಾಸ್-ವಾಚ್ ಕಾರ್ಯಕ್ರಮ 50 ಮೀಟರಿನ ಮೂರು ಸಾಲು ಹಾಕಿ, 50 ಸೆಂಟಿಮೀಟರ್ ಚೌಕದ 33 ಕ್ವಾಡ್ರಾಟ್‌ಗಳಲ್ಲಿ ಎಣಿಸುತ್ತದೆ. 2001ರಿಂದ ನಡೆಯುತ್ತಿರುವ ಸೀಗ್ರಾಸ್‌ನೆಟ್‌ಗೂ ತನ್ನದೇ ಪದ್ಧತಿ ಇದೆ. ಆ ಹಳೆಯ ಸರಣಿಗಳಿಗೆ ಬೆಲೆ ಕಟ್ಟಲಾಗದು. ಕ್ವಾಡ್ರಾಟ್ ಇಟ್ಟ ಜಾಗವನ್ನೇ ಫೋಟೋಗ್ರಾಮೆಟ್ರಿಯಲ್ಲೂ ಸೇರಿಸಿದರೆ ಎರಡೂ ಒಂದಕ್ಕೊಂದು ಸಾಕ್ಷಿಯಾಗುತ್ತವೆ.

ಎರಡು ವರ್ಷದ ನಕ್ಷೆಗಳಲ್ಲಿ ವ್ಯತ್ಯಾಸ ಕಾಣುತ್ತಿದೆ. ಅದು ನಿಜವಾದ ಬದಲಾವಣೆ ಅಂತ ಹೇಗೆ ನಂಬುವುದು?

ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ನನ್ನ ಮಟ್ಟಿಗೆ ಮೊದಲ ನಕ್ಷೆ ಬರೀ ಮುನ್ನುಡಿ. ಎರಡನೆಯ ಸಲ ಅದೇ ಜಾಗಕ್ಕೆ ಹೋಗಿ, ಅದೇ ಥರ ತೆಗೆದು, ಮೊದಲನೆಯದರ ಮೇಲೆ ಸರಿಯಾಗಿ ಕೂರಿಸಿದಾಗಲೇ ಕೆಲಸ ಶುರು.

ಕೂರಿಸಲು ತಳದಲ್ಲಿ ಕದಲದ ಗುರುತು ಬೇಕು. ತುಂಡಿನ ಮೂಲೆಗಳಲ್ಲಿ, ಹುಲ್ಲಿನ ಬುಡಕ್ಕೆ ಪೆಟ್ಟಾಗದಂತೆ ಕಂಬಿ ಹೂಳುತ್ತಾರೆ. ನಾಲ್ಕು ಸಾಕು ಅನಿಸುತ್ತದೆ, ಆರು ಹೂಳಿ. ಒಂದರಿಂದ ಒಂದಕ್ಕೆ ಎಷ್ಟು ದೂರ ಅಂತ ಟೇಪಿನಿಂದ ಅಳೆದು ಬರೆದಿಡಿ. ಒಂದು ಬಿರುಗಾಳಿಯ ನಂತರ ನಾವು ಹೋದಾಗ ಎರಡು ಕಂಬಿ ಕಾಣಲಿಲ್ಲ. ಉಳಿದ ಎರಡರಿಂದ ಟೇಪು ಎಳೆದು, ಪುಸ್ತಕದಲ್ಲಿ ಬರೆದಿದ್ದ ಅಳತೆಗಳು ಸೇರುವ ಕಡೆ ಕೈಯಿಂದ ಮರಳು ಸರಿಸಿದೆವು. ಒಂದು ಗೇಣು ಕೆಳಗೆ ಕಂಬಿಯ ತಲೆ ಬೆರಳಿಗೆ ತಾಗಿತು. ಕಂಬಿ ಕದಲಿರಲಿಲ್ಲ, ಮರಳು ಮೇಲೆ ಬಂದಿತ್ತು. ಆ ಒಂದು ಗೇಣು ಮರಳೂ ಒಂದು ದಾಖಲೆಯೇ ಆಯಿತು.

ಈಗ ಲೆಕ್ಕ. ಎರಡು ನಕ್ಷೆಗಳನ್ನು ಕೂರಿಸುವಾಗ 1 ಸೆಂಟಿಮೀಟರ್ ತಪ್ಪು ಉಳಿಯಿತು ಅನ್ನಿ. ಅಂಚಿನ ಗೆರೆ ಎಳೆಯುವಾಗ ಪ್ರತಿ ಸಲವೂ 2 ಸೆಂಟಿಮೀಟರ್ ಆಚೀಚೆ. ಮೂರನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 3 ಸೆಂಟಿಮೀಟರ್. ಪೊಸಿಡೋನಿಯಾದ ಅಡ್ಡಕಾಂಡ ವರ್ಷಕ್ಕೆ ಬೆಳೆಯುವುದೇ ಕೆಲವು ಸೆಂಟಿಮೀಟರ್. ಹಾಗಾಗಿ ಒಂದು ವರ್ಷದಲ್ಲಿ ಅಂಚು 2 ಸೆಂಟಿಮೀಟರ್ ಮುಂದೆ ಬಂದಿದೆ ಅಂತ ಕಂಡರೆ ಬದಲಾವಣೆ ಆಗಿದೆ ಅನ್ನಲು ಬರುವುದಿಲ್ಲ. ಐದು ವರ್ಷದಲ್ಲಿ 15 ಸೆಂಟಿಮೀಟರ್ ಬಂದರೆ ಧೈರ್ಯವಾಗಿ ಹೇಳಬಹುದು. ಹ್ಯಾಲೊಫಿಲಾ ವರ್ಷಕ್ಕೆ ಮೀಟರುಗಟ್ಟಲೆ ಹಬ್ಬುತ್ತದೆ. ಅದಕ್ಕೆ ಕೆಲವೇ ತಿಂಗಳು ಸಾಕು.

ತಪ್ಪಿನ ಅಂಕಿ ಇಲ್ಲದ ಬದಲಾವಣೆಯ ನಕ್ಷೆಯನ್ನು ಯಾರಿಗೂ ಕೊಡಬೇಡಿ. ಹುಲ್ಲು ಚೇತರಿಸಿಕೊಂಡಿದೆ ಅಂತ ಸುಳ್ಳು ನೆಮ್ಮದಿ ಕೊಟ್ಟರೆ ಅದರ ಬೆಲೆ ತೆರುವುದು ಆ ಬಯಲು.

ವರ್ಷಕ್ಕೆ ಎಷ್ಟು ಸಲ ತೆಗೆಯಬೇಕು?

ನಿಧಾನ ಬೆಳೆಯುವ ಜಾತಿಗೆ ವರ್ಷಕ್ಕೆ ಒಂದು ಸಲ, ಪ್ರತಿ ವರ್ಷವೂ ಅದೇ ತಿಂಗಳು. ಬೇಗ ಬೆಳೆಯುವ ಜಾತಿಗೆ ಪ್ರತಿ ಋತುವಿಗೆ ಒಂದು. ತಂಪು ಕಡಲಿನ ಜೋಸ್ಟೆರಾ ಬೇಸಿಗೆಯಲ್ಲಿ ದಟ್ಟ, ಚಳಿಗಾಲದಲ್ಲಿ ತೆಳು. ಒಂದು ವರ್ಷ ಬೇಸಿಗೆ, ಇನ್ನೊಂದು ವರ್ಷ ಚಳಿಗಾಲ ತೆಗೆದರೆ ಋತುವನ್ನೇ ನಾಶ ಅಂದುಕೊಳ್ಳುತ್ತೀರಿ. ಬಿರುಗಾಳಿ, ಬಿಸಿಯಲೆ, ಹೂಳೆತ್ತುವ ಕೆಲಸ ಇದ್ದರೆ ಅದರ ಹಿಂದೊಮ್ಮೆ ಮುಂದೊಮ್ಮೆ.

ಹೊಸದಾಗಿ ನೆಟ್ಟ ಕಡಲಹುಲ್ಲನ್ನು ನೋಡಿಕೊಳ್ಳಲು ಇದು ಆಗುತ್ತದಾ?

ಇದಕ್ಕಿಂತ ಒಳ್ಳೆಯ ಬಳಕೆ ಇನ್ನೊಂದಿಲ್ಲ ಅನ್ನುತ್ತೇನೆ. ನೆಟ್ಟಾಗ ಸಸಿಗಳು ಬಿಡಿಬಿಡಿಯಾಗಿರುತ್ತವೆ, ನಡುವೆ ಮರಳು ಧಾರಾಳ, ಮಾಡೆಲ್ ಚೆನ್ನಾಗಿ ಕೂಡುತ್ತದೆ. ಪ್ರತಿ ಸಸಿಗೂ ನಂಬರ್ ಕೊಟ್ಟು, ಯಾವುದು ಉಳಿಯಿತು, ಯಾವುದು ಹಬ್ಬಿತು ಅಂತ ಒಂದೊಂದಾಗಿ ಹೇಳಬಹುದು. ಎರಡು ಪಕ್ಕದ ಸಸಿಗಳು ಹಬ್ಬಿ ಒಂದನ್ನೊಂದು ಮುಟ್ಟಿದ ಚಿತ್ರ ನೋಡುವಾಗ ಆಗುವ ಸಂತೋಷವೇ ಬೇರೆ.

ನಾವು ಇಳಿಯುವುದರಿಂದಲೇ ಹುಲ್ಲಿಗೆ ಹಾನಿ ಆಗಲ್ವಾ?

ಆಗಬಹುದು. ತಳ ಮುಟ್ಟದೆ ತೇಲಲು ಬಾರದವರು ಮೊದಲು ಅದನ್ನು ಕಲಿಯಲಿ. ಕಾಲಿಗೆ ಕಟ್ಟಿದ ಫಿನ್ ಬೀಸಿದರೆ ಹೂಳು ಎದ್ದು ನಿಮ್ಮ ಫೋಟೋವೇ ಕೆಡುತ್ತದೆ. ದೋಣಿಯ ಲಂಗರನ್ನು ಹುಲ್ಲಿನ ಮೇಲೆ ಹಾಕಬೇಡಿ. ಕಂಬಿ ಹೂಳಲು ಅನುಮತಿ ಬೇಕಾದ ಕಡೆ ಕೇಳಿಕೊಂಡೇ ಹೂಳಿ. ಒಬ್ಬರೇ ಇಳಿಯಬೇಡಿ. ಕಣ್ಣು ಕ್ಯಾಮೆರಾದ ಮೇಲಿದ್ದಾಗ ಗಾಳಿಯ ಮೀಟರ್ ಮರೆತುಹೋಗುತ್ತದೆ, ಜೊತೆಗಾರರು ಅದನ್ನು ನೋಡಬೇಕು.

ಡೈವಿಂಗ್ ಬರಲ್ಲ. ನನಗೆ ಕೆಲಸ ಇದೆಯಾ?

ಇದೆ. ಎದೆಮಟ್ಟದ ನೀರಿನಲ್ಲಿ ಸ್ನಾರ್ಕೆಲ್ ಹಾಕಿಕೊಂಡು ತೆಗೆಯಬಹುದು. ದೋಣಿಯ ಅಡಿಗೆ ಕ್ಯಾಮೆರಾ ಕಟ್ಟಿ ನಿಧಾನ ಸಾಗಬಹುದು. ಆಳಕ್ಕೆ ರಿಮೋಟ್ ರೋಬಾಟ್‌ಗಳಿವೆ. ದಡದಲ್ಲಿ ಕೂತು ಗೆರೆ ಎಳೆಯುವ ಕೆಲಸವಂತೂ ಯಾವಾಗಲೂ ಬಾಕಿಯೇ ಇರುತ್ತದೆ.

ನಕ್ಷೆ ಆದಮೇಲೆ ಮೂಲ ಫೋಟೋಗಳನ್ನು ಅಳಿಸಬಹುದಾ? ಜಾಗ ಸಾಲುತ್ತಿಲ್ಲ.

ಅಳಿಸಬೇಡಿ. ಜಾಗ ಸಾಲದಿದ್ದರೆ ಮಾಡೆಲ್ ಅಳಿಸಿ, ಮತ್ತೆ ಕಟ್ಟಿಕೊಳ್ಳಬಹುದು. ಸಾಫ್ಟ್‌ವೇರ್ ವರ್ಷವರ್ಷಕ್ಕೂ ಸುಧಾರಿಸುತ್ತಿದೆ. ಹಿಂದೆ ತೂತಾಗಿ ಬಂದಿದ್ದ ಸೆಟ್ಟುಗಳನ್ನು ಹೊಸ ಆವೃತ್ತಿಯಲ್ಲಿ ಹಾಕಿದಾಗ ಮೊದಲಿಗಿಂತ ಚೆನ್ನಾಗಿ ಬಂದದ್ದನ್ನು ನೋಡಿದ್ದೇನೆ. ನೀವು ಹುಲ್ಲಿಗೆಂದು ತೆಗೆದ ಫೋಟೋದಲ್ಲಿ ಇನ್ನೊಬ್ಬರು ಕಡಲಕುದುರೆ ಎಣಿಸಬಹುದು.

ಎರಡು ಡಿಸ್ಕ್‌ಗಳಲ್ಲಿ, ಎರಡು ಬೇರೆ ಕಟ್ಟಡಗಳಲ್ಲಿ ಇಡಿ. ಪ್ರತಿ ಸೆಟ್ಟಿನ ಜೊತೆ ಒಂದು ಸಾದಾ ಪಠ್ಯದ ಫೈಲ್ ಇರಲಿ: ದಿನಾಂಕ, ಗಂಟೆ, ಆಳ, ಉಬ್ಬರವಿಳಿತ, ನೀರು ಎಷ್ಟು ತಿಳಿಯಿತ್ತು, ಕ್ಯಾಮೆರಾ ಮತ್ತು ಲೆನ್ಸ್, ಸ್ಕೇಲ್ ಬಾರ್‌ಗಳ ಉದ್ದ, ಕಂಬಿಗಳ ನಡುವಿನ ಅಂತರ, ಈಜಿದವರು ಯಾರು. ಅದನ್ನು ದೋಣಿಯಲ್ಲೇ, ಕೂದಲು ಒಣಗುವ ಮೊದಲೇ ಬರೆದುಬಿಡಿ.